ಬಂಡೆ ತಿರುವಿನಲ್ಲಿ ಎರಡು ಸೆಟ್ಟು

ಬಂಡೆ ತಿರುವಿನಲ್ಲಿ ಜೀಪು ನಿಲ್ಲಿಸಿ, ನಂಜುಂಡನ್ ಎರಡು ವಾಕಿಟಾಕಿಗಳನ್ನು ಬಾನೆಟ್ಟಿನ ಮೇಲಿಟ್ಟ. ಒಂದು ಸಣ್ಣದು, ಹೊಸ ಅಳಿಯನ ಹಾಗೆ ಮಿರಿಮಿರಿ ಮಿಂಚುವಂಥದು. ಇನ್ನೊಂದು ದಪ್ಪ, ಇಟ್ಟಿಗೆಯಷ್ಟು ಭಾರ. ಅವೆರಡರ ಜೋಡಿಗಳು ಕೆಳಗೆ, ಕಾರಮಡೈ ಪಕ್ಕದ ಬಾಳೆತೋಟದ ಮನೆಯಲ್ಲಿ, ಅವನ ಹೆಂಡತಿ ಪಾಪಾತಿಯ ಮುಂದಿದ್ದವು.

"ಇಲ್ಲಿಂದ ಮಾತು ಮನೆ ಮುಟ್ಟಿದ್ರೆ ಮಾತ್ರ ತಗೊಳ್ಳೋದು ಸಾರ್. ಇಲ್ಲಾಂದ್ರೆ ಇನ್ನು ಮಲೆ ಹತ್ತಲೇಬೇಡಿ ಅಂದವ್ಳೆ."

ತುಡಿಯಲೂರಿನ ರೇಡಿಯೊ ಅಂಗಡಿಯ ಚಂದ್ರಶೇಖರ ತಲೆಯಾಡಿಸಿದ. ಕಥೆ ಅವನಿಗೂ ಗೊತ್ತು. ಎಂಬತ್ತೈದರ ಐಪ್ಪಸಿ ತಿಂಗಳ ಮಳೆಯಲ್ಲಿ ಇದೇ ತಿರುವಿನಲ್ಲಿ ಜೀಪು ಜಾರಿ, ನಂಜುಂಡನ್ ಕಾಲು ಮುರಿದುಕೊಂಡು ಬೆಳಗಿನವರೆಗೂ ಬಿದ್ದಿದ್ದ. ಕೆಳಗೆ ಮನೆಯ ದೀಪ ಕಾಣುತ್ತಿತ್ತು. ಕೂಗು ಮಾತ್ರ ಅಲ್ಲಿಗೆ ಹೋಗಲಿಲ್ಲ.

ಚಂದ್ರಶೇಖರ ಸಣ್ಣ ಸೆಟ್ಟಿನ ಗುಂಡಿ ಒತ್ತಿ, "ಪಾಪಾತಿಯಮ್ಮಾ, ಮಾತಾಡಿ, ಓವರ್" ಎಂದ. ಬರೀ ಕೊರಕೊರ. ದಪ್ಪ ಸೆಟ್ಟಿನಲ್ಲೂ ಕೂಗಿದ. ಕೊರಕೊರ ನಿಂತಿತು, ಮತ್ತೆ ಶುರುವಾಯಿತು. ಮಾತಿಲ್ಲ.

"ಎರಡೂ ಆಗಲ್ಲ. ಬಂಡೆ ಅಡ್ಡ ಬರ್ತಿದೆ," ಎಂದು ಸೆಟ್ಟುಗಳನ್ನು ತುಂಬಲು ಚೀಲ ತೆಗೆದ.

"ಕೊಂಜ ತಡೀರಿ ಸಾರ್. ಇದ್ರಲ್ಲಿ ಸದ್ದು ನಿಂತು ನಿಂತು ಬತ್ತಾ ಐತಲ್ಲ, ಅವಳು ಗುಂಡಿ ಒತ್ತಾವ್ಳೆ. ಏನು ಹೇಳಿಕೊಟ್ರಿ ಅವಳಿಗೆ?"

"ಮೊದಲು ನಿಮ್ಮ ಹೆಸರು ಕೂಗಬೇಕು, ಆಮೇಲೆ ಮಾತು. ಅದೇ ಅಲ್ವೇ ಕ್ರಮ?"

ನಂಜುಂಡನ್ ಹಣೆ ಚಚ್ಚಿಕೊಂಡು ನಕ್ಕ. "ಗಂಡನ ಹೆಸ್ರು ಹೇಳ್ತಾಳಾ ಸಾರ್? ಹೇಳಿದ್ರೆ ನನ್ನ ಆಯುಸ್ಸು ಕಮ್ಮಿ ಆಯ್ತದೆ ಅಂತ ಅವಳ ನಂಬಿಕೆ. ಮದುವೆ ಆದಾಗಿಂದ ಒಂದು ದಿನ ಹೇಳಿಲ್ಲ."

"ಅಯ್ಯೋ, ನಮ್ಮಮ್ಮನೂ ಹೇಳಲ್ಲ. ಮರೆತೇಬಿಟ್ಟೆ!"

ನಂಜುಂಡನ್ ದಪ್ಪ ಸೆಟ್ಟನ್ನು ಕಿವಿಗೆ ಆನಿಸಿದ. ಕೊರಕೊರ ನಿಂತಾಗ ಬಳೆಯ ಸದ್ದು ಕೇಳಿತು, ಅಂಗಳದ ಕೋಳಿ ಕೇಳಿತು. ಆಮೇಲೆ ಪಾಪಾತಿಯ ಉಸಿರು. ಒಂದೇ ಸೂರಿನಡಿ ಇದ್ದೂ ಇಷ್ಟು ವರ್ಷ ಗಮನಿಸದ ಉಸಿರು, ಬೆಟ್ಟ ಹತ್ತಿ ಬಂದು ಕಿವಿಯಲ್ಲಿ ಕೂತಿತ್ತು.

ಹೆಸರು ಹೇಳಬೇಕಾಗಿಲ್ಲ ಎನ್ನಲು ಅವನು ಗುಂಡಿ ಒತ್ತಿದ. ಅಷ್ಟರಲ್ಲಿ ಜೀಪು ಹಿಂದಕ್ಕೆ ಜರುಗಿತು. "ಅಯ್ಯೋ, ಜೀಪು!" ಎಂದು ಕಿರುಚಿದವನ ಕೈಯಿಂದ ಸೆಟ್ಟು ಹುಲ್ಲಿಗೆ ಬಿತ್ತು. ಚಂದ್ರಶೇಖರ ಓಡಿ ಚಕ್ರಕ್ಕೆ ಕಲ್ಲು ಕೊಟ್ಟ. ಜೀಪು ನಿಂತಿತು.

ಆಗ ಹುಲ್ಲಿನೊಳಗಿನಿಂದ ಸೆಟ್ಟು ಕೂಗಿತು.

"ನಂಜುಂಡಾ! ನಂಜುಂಡಾ!"

ಆ ಹೆಸರು ಬಂಡೆಗೆ ಬಡಿದು ಕಣಿವೆಯಲ್ಲೆಲ್ಲ ಓಡಾಡಿತು. ನಂಜುಂಡನ್ ಬೆಪ್ಪಾಗಿ ನಿಂತ. ತನ್ನ ಹೆಸರು ಇಷ್ಟು ದೊಡ್ಡದೆಂದು ಅವನಿಗೆ ಗೊತ್ತೇ ಇರಲಿಲ್ಲ.

"ಉತ್ತರ ಕೊಡ್ರೀ, ಪಾಪ, ಹೆದರಿಬಿಟ್ಟಿದಾರೆ!" ಎಂದ ಚಂದ್ರಶೇಖರ.

ಸೆಟ್ಟು ಎತ್ತಿಕೊಳ್ಳಲು ಬಗ್ಗಿದವನು ಒಂದು ಕ್ಷಣ ತಡೆದ. ಗುಡಿಯ ಬಾಗಿಲಲ್ಲಿ ಮಾಡುವಂತೆ, ಹೆಗಲ ಮೇಲಿನ ಟವೆಲ್ಲು ತೆಗೆದು ಸೊಂಟಕ್ಕೆ ಕಟ್ಟಿಕೊಂಡ. ಆಮೇಲೆ ಎರಡೂ ಕೈಯಿಂದ ಸೆಟ್ಟನ್ನೆತ್ತಿ, ಗುಂಡಿ ಒತ್ತಿದ.