ಅಟ್ಟಕ್ಕೆ ಬರುವವಳು

ಗರಗಸದ ಸದ್ದು ಕೇಳಿದ್ದೇ ತಡ, ಸರ್ವೆಯರ್ ಅರ್ಧ ಬೋಳಿಸಿದ ಗಡ್ಡದಲ್ಲೇ ಮಹಡಿಗೆ ಓಡಿದರು. ಪಕ್ಕದ ಮನೆಯ ಇಳಿಜಾರು ಮಾಡಿನ ಮೇಲೆ ಬಡಗಿ ಕೂತಿದ್ದ. ಹೆಂಚು ಬಿಚ್ಚಿ ಒಂದು ಕಡೆ ಪೇರಿಸಿದ್ದ. ಜಂತಿಗಳ ನಡುವೆ ಆಳೊಬ್ಬ ತೂರುವಷ್ಟು ದೊಡ್ಡ ತೂತು, ಅದರ ಪಕ್ಕದಲ್ಲೇ ಇನ್ನೊಂದು. ಎರಡೂ ಅವರ ಮನೆಯ ಕಡೆಗೇ ಬಾಯಿ ತೆರೆದಿದ್ದವು.

“ನನ್ನ ಮನೆಯೊಳಗೆ ಇಣುಕೋಕೆ ಕಣ್ಣು ಕೊರೆಸ್ತಿದ್ದಾಳೆ,” ಅಂದರು.

ಹಿಂದೆ ಬಂದು ನಿಂತ ಹೆಂಡತಿ ಕೆನ್ನೆಯ ನೊರೆ ಒರೆಸಿಕೊಳ್ಳಲು ಟವೆಲ್ ಚಾಚಿದಳು.

ಪಕ್ಕದ ಮನೆಯವರು ನಿವೃತ್ತ ನರ್ಸು, ಒಂಟಿ. ಬೀದಿಗೆಲ್ಲ ಅವರು ಸಿಸ್ಟರ್. ಸರ್ವೆಯರಿಗೆ ಮಾತ್ರ ‘ಅವಳು’. ಹನ್ನೊಂದು ವರ್ಷದ ಹಿಂದೆ ಸರ್ವೆಯರ್ ತಮ್ಮ ಕಾಂಪೌಂಡ್ ಗೋಡೆಯನ್ನು ಎರಡು ಗೇಣು ಆಚೆ ಸರಿಸಿ ಕಟ್ಟಿಸಿದ್ದರು. ಊರ ನೆಲವನ್ನೆಲ್ಲ ಅಳೆದ ಕೈ, ಯಾರು ಕೇಳುತ್ತಾರೆ ಎಂಬ ಧೈರ್ಯ. ಸಿಸ್ಟರ್ ಕೇಳಿದರು, ಪುರಸಭೆಯವರೆಗೂ ಹೋದರು. ಇಡೀ ಬೀದಿ ನೋಡುತ್ತಿದ್ದ ಹಾಗೇ ಗೋಡೆ ಉರುಳಿತು. ಅವತ್ತಿನಿಂದ ಸರ್ವೆಯರ್ ಹೆಂಡತಿ ಆ ಗೇಟು ದಾಟುವಂತಿರಲಿಲ್ಲ. ಸಿಸ್ಟರ್ ಎದುರು ಸಿಕ್ಕರೆ ನಗುವಂತೆಯೂ ಇರಲಿಲ್ಲ.

ಸರ್ವೆಯರ್ ಪುರಸಭೆಗೆ ಮೂರು ದೂರು ಬರೆದರು. ಕಚೇರಿಯವನು ಬಂದ, ಟೇಪು ಹಿಡಿದ, ಎಲ್ಲ ಸರಿಯಾಗಿದೆ ಅಂದ. ಅಟ್ಟವನ್ನು ವಾಸದ ಕೋಣೆ ಮಾಡಿಕೊಳ್ಳುತ್ತಿದ್ದಾರೆ, ಬೆಳಕಿಗೆ ಮಾಡಿನಲ್ಲಿ ಕಿಟಕಿ ಇಡಿಸುತ್ತಿದ್ದಾರೆ, ಅಷ್ಟೆ.

ಅವತ್ತೇ ಹನ್ನೊಂದು ವರ್ಷದ ಕಟ್ಟಪ್ಪಣೆ ಸಡಿಲವಾಯಿತು.

“ಹೋಗು, ಒಳಗೆ ಏನು ನಡೀತಿದೆ ನೋಡ್ಕೊಂಡು ಬಾ,” ಎಂದು ಸರ್ವೆಯರ್ ಹೆಂಡತಿಗೆ ಹೇಳಿದರು. “ಮಾತಾಡಿಸು. ನಗು. ಆದ್ರೆ ನೀನು ಯಾರ ಕಡೆ ಅನ್ನೋದು ನೆನಪಿರಲಿ.”

“ಇರುತ್ತೆ,” ಎಂದಳು.

ದಿನಾ ಹೋದಳು. ಗಂಡ ಮೆಚ್ಚುವಷ್ಟು ಚೊಕ್ಕವಾಗಿ ವರದಿ ತಂದಳು. ಕಿಟಕಿ ನಡುಮಧ್ಯದ ತಿರುಗಣೆಯ ಮೇಲೆ ತಿರುಗುತ್ತದೆ. ಹೊರಗಿನ ಗಾಜನ್ನೂ ಒಳಗಿಂದಲೇ ಒರೆಸಬಹುದು. ಮಾಡು ತಗ್ಗಿದ ಕಡೆ ಮಂಚ. ಎದ್ದು ಕೂತರೆ ತಲೆ ತಾಗುವುದಿಲ್ಲ.

“ತಾಗಲ್ಲ ಅಂತ ನಿನಗೆ ಹೇಗೆ ಗೊತ್ತು?”

“ಕೂತು ನೋಡ್ದೆ.”

“ಭಲೇ! ಯಾರು ಬರ್ತಾರಂತೆ ಅಲ್ಲಿಗೆ?”

“ಒಬ್ಬ ಹೆಂಗಸು. ಸಿಸ್ಟರ್‌ಗೆ ಕಣ್ಣು ಮಂಜಾಗ್ತಿದೆ, ಜೊತೆಗೊಬ್ರು ಬೇಕಂತೆ. ಅವಳಿನ್ನೂ ಮನಸ್ಸು ಗಟ್ಟಿ ಮಾಡ್ಕೊಂಡಿಲ್ವಂತೆ.”

ಸರ್ವೆಯರ್ ಕೈ ಉಜ್ಜಿಕೊಂಡರು. ಕಣ್ಣು ಕಾಣದವಳಿಗೆ ಜೊತೆಯೂ ಸಿಗಬಾರದು. ಹನ್ನೊಂದು ವರ್ಷದಿಂದ ಕಾದದ್ದು ಇದಕ್ಕೇ. “ಅವಳ ಮನಸ್ಸು ನಾನು ಗಟ್ಟಿ ಮಾಡಿಸ್ತೀನಿ, ನೋಡ್ತಿರು.”

ಮರುದಿನವೇ ಕಾಂಪೌಂಡ್ ಉದ್ದಕ್ಕೂ ಕಂಬ ನೆಟ್ಟು ಹನ್ನೆರಡು ಅಡಿ ಎತ್ತರಕ್ಕೆ ತಗಡು ಹೊಡೆಸಿದರು.

“ಇದರಿಂದ ಕತ್ತಲಾಗೋದು ನಮ್ಮ ಅಡಿಗೆಮನೆಗೇ ಅಲ್ವಾ?” ಎಂದಳು ಹೆಂಡತಿ.

“ಲೈಟ್ ಹಾಕ್ಕೊ.”

ಮಾಡಿನ ಮೇಲಿದ್ದ ಬಡಗಿ ಮೊಳೆ ಕಚ್ಚಿಕೊಂಡೇ ನಕ್ಕ. “ಸ್ವಾಮಿ, ಈ ಕಿಟಕಿ ನೋಡೋದು ಆಕಾಶಾನ. ಅದಕ್ಕೂ ತಗಡು ಹೊಡೆಸ್ತೀರಾ? ತನ್ನ ಮೂಗು ಕೊಯ್ದುಕೊಂಡು ಪಕ್ಕದವರಿಗೆ ಅಪಶಕುನ ಮಾಡಿದ ಹಾಗಾಯ್ತು.”

ಸರ್ವೆಯರಿಗೆ ಮೈಯೆಲ್ಲ ಉರಿಯಿತು. ತಗಡು ಮಾತ್ರ ಇಳಿಯಲಿಲ್ಲ.

ವಾರ ಕಳೆಯುವುದರೊಳಗೆ, ಕರೆಂಟು ಹೋಗಿದ್ದ ಒಂದು ಮಧ್ಯಾಹ್ನ, ಹೆಂಡತಿ ಕತ್ತಲಲ್ಲಿ ಕುದಿಯುವ ಎಣ್ಣೆಯ ಬಾಣಲೆಗೆ ಕೈ ತಗುಲಿಸಿ ಎಣ್ಣೆ ಚೆಲ್ಲಿಕೊಂಡಳು. ಮೊಣಕೈವರೆಗೆ ಬೊಬ್ಬೆ ಎದ್ದಿತು. ಸಿಸ್ಟರ್ ಮಂಜುಗಣ್ಣಲ್ಲೇ ತಡವುತ್ತಾ ಮುಲಾಮು ಹಚ್ಚಿ ಬ್ಯಾಂಡೇಜು ಕಟ್ಟಿ ಕಳಿಸಿದರು.

ಸರ್ವೆಯರ್ ಬ್ಯಾಂಡೇಜು ನೋಡಿದರು. “ಕಟ್ಟುವಾಗ ಏನಾದ್ರೂ ಬಾಯಿ ಬಿಟ್ಟಳಾ?”

ಹೆಂಡತಿ ಬ್ಯಾಂಡೇಜಿನ ಕೈಯನ್ನು ಸೆರಗಿನೊಳಗೆ ಎಳೆದುಕೊಂಡಳು. “ಬಿಟ್ರು. ಆ ಹೆಂಗಸು ಗುರುವಾರ ಬೆಳಿಗ್ಗೆ ಬರ್ತಾಳೆ.”

“ಖಂಡಿತಾನಾ?”

“ನಿನ್ನೆವರೆಗೂ ಅನುಮಾನ ಇತ್ತು. ಈಗಿಲ್ಲ.”

ಸರ್ವೆಯರ್ ಗುಜರಿಯಿಂದ ಆರು ಹಳೆ ಟೈರು ತರಿಸಿ ತಗಡಿನ ಬುಡದಲ್ಲಿ ಒಟ್ಟಿದರು. ಗಾಳಿ ಬೆಳಿಗ್ಗೆ ಯಾವ ಕಡೆ ಬೀಸುತ್ತದೆಂದು ಎರಡು ದಿನ ಬಟ್ಟೆಚೂರು ಕಟ್ಟಿ ಪರೀಕ್ಷಿಸಿದರು. ಅದು ಸೀದಾ ಆ ಕಿಟಕಿಗಳ ಕಡೆಗೇ ಬೀಸುತ್ತಿತ್ತು.

“ಟೈರು ಹೊಗೆ ಒಂದು ಸಲ ಕುಡಿದ್ರೆ ಸಾಕು, ಬಂದ ದಾರೀಲೇ ವಾಪಸ್ ಓಡ್ತಾಳೆ.”

“ಹೊಗೆ ಕುಡಿದು ಅಭ್ಯಾಸ ಇರೋಳೇನೋ,” ಎಂದಳು ಹೆಂಡತಿ. ಅವರು ಹೊಟ್ಟೆ ಹುಣ್ಣಾಗುವಷ್ಟು ನಕ್ಕರು. ಇವಳಿಗೂ ಈಗೀಗ ತಮಾಷೆ ಬರುತ್ತದೆ!

ಗುರುವಾರ ಅವರು ಸ್ನಾನ ಮುಗಿಸಿ ಮಹಡಿಗೆ ಬರುವ ಹೊತ್ತಿಗೆ ಸಿಸ್ಟರ್ ಮನೆಯ ಗೇಟು ಹಾರುಹೊಡೆದಿತ್ತು. ಬಡಗಿ ಒಂದು ಟ್ರಂಕನ್ನು ಹೆಗಲ ಮೇಲೆ ಹೊತ್ತು ಒಳಗೆ ಹೋಗುತ್ತಿದ್ದ. ಬಂದಾಯಿತು! ಸರ್ವೆಯರ್ ಎರಡೆರಡು ಮೆಟ್ಟಿಲು ಹಾರಿ ಹಿತ್ತಲಿಗೆ ಇಳಿದರು. ಟೈರಿಗೆ ಸೀಮೆಎಣ್ಣೆ ಸುರಿದರು. ಗಾಳಿ ಹದವಾಗಿತ್ತು. ಮೇಲೆ ಮಾಡಿನ ಒಂದು ಕಿಟಕಿಯ ಹಿಂದೆ ಯಾರೋ ಓಡಾಡುತ್ತಿದ್ದರು.

ಜೇಬು ತಡಕಿದರು. ಖಾಲಿ.

“ಏ, ಬೆಂಕಿಪೊಟ್ಟಣ ತಗೊಂಡು ಬಾ! ಬೇಗ!” ಎಂದು ಅಡಿಗೆಮನೆಯ ಕಡೆ ತಿರುಗಿ ಕೂಗಿದರು. ಮತ್ತೆ ದನಿ ಏರಿಸಿದರು. “ಏ, ಕಿವಿ ಕೇಳಿಸಲ್ವಾ ನಿನಗೆ?”

“ಕೇಳಿಸ್ತು. ಒಲೆ ಪಕ್ಕದಲ್ಲಿದೆ, ಇನ್ಮೇಲೆ ನೀವೇ ತಗೊಳ್ಳಿ,” ಎಂದಳು ಅವರ ಹೆಂಡತಿ, ಮಾಡಿನ ಕಿಟಕಿ ತೆರೆದು, ತಗಡಿನ ಮೇಲಿಂದ ಅವರತ್ತ ಬಗ್ಗಿ ನೋಡುತ್ತಾ.