ಬಿಸಿಲಿಗೆ ಹಿಡಿದ ಕರಿ

ಹಳೇ ದೊಡ್ಡ ಪ್ರಿಂಟರಿನ ಬಾಯಿಂದ ರಂಗಕ್ಕ ಮೊದಲು ತಲೆ, ಆಮೇಲೆ ಹೆಗಲು, ಕೊನೆಗೆ ಹೊದ್ದ ಕರಿ ಕಂಬಳಿ ಸಮೇತ ಇಳಿದಳು. ಪಕ್ಕದಲ್ಲೇ ನಿಂತಿದ್ದ ನಿಜವಾದ ರಂಗಕ್ಕ, ಬರಗೂರಿನಲ್ಲಿ ನಲವತ್ತು ವರ್ಷ ಕಂಬಳಿ ನೇಯ್ದವಳು, ಕಣ್ಣು ಕಿರಿದು ಮಾಡಿದಳು.

"ಕರಿ ನೋಡಿ ಸಾರ್, ಕಾಡಿಗೆ! ಇದನ್ನ ಸೆಕೆಂಡ್ ಹ್ಯಾಂಡ್ ಅಂತ ಯಾರಾದ್ರೂ ಅಂತಾರಾ?" ಎಂದ ಶಿರಾದ ಫ್ಲೆಕ್ಸ್ ಅಂಗಡಿಯ ಕುಮಾರಸ್ವಾಮಿ. ತಾನು ತೆಗೆದ ಕಪ್ಪು-ಬಿಳುಪು ಫೋಟೊಗಳ ಪ್ರದರ್ಶನಕ್ಕೆಂದು ತಿಂಗಳಿಂದ ಕೊಳ್ಳಲು ಪ್ರಿಂಟರು ಹುಡುಕುತ್ತಿದ್ದ, ಇವತ್ತು ರಂಗಕ್ಕನನ್ನೂ ಜೊತೆಗೆ ಕರೆತಂದಿದ್ದ ಮಧುಗಿರಿಯ ಗೌರೀಶ್, "ಇದೇ ಇರಲಿ" ಎನ್ನಲು ಬಾಯಿ ತೆರೆದ.

"ತಡಿಯಪ್ಪ," ಎಂದು ರಂಗಕ್ಕ ಫೋಟೊ ಎತ್ತಿಕೊಂಡು ಬೀದಿಗೇ ನಡೆದಳು. "ಕರಿ ಉಣ್ಣೆನಾ, ಬಣ್ಣ ಹಾಕಿದ್ದಾ ಅಂತ ನಾವು ಬಿಸ್ಲಲ್ಲೇ ನೋಡಾದು." ಇಬ್ಬರೂ ಹಿಂದೆ ಓಡಿದರು. ಟ್ಯೂಬ್‌ಲೈಟಿನಡಿ ಕಾಡಿಗೆಯಂತಿದ್ದ ಫೋಟೊದ ಕಂಬಳಿ ಬಿಸಿಲು ಬಿದ್ದದ್ದೇ ಪಾಚಿಯಂತೆ ಹಸಿರಾಯಿತು.

"ಬಿಸ್ಲಲ್ಲಿ ಎಲ್ಲಾನೂ ಇಂಗೇ ಕಾಣ್ತದೆ ಕಣಮ್ಮ," ಎಂದ ಕುಮಾರಸ್ವಾಮಿ.

ರಂಗಕ್ಕ ತನ್ನ ಹೆಗಲ ಮೇಲಿದ್ದ ಅದೇ ಕಂಬಳಿಯನ್ನು ಫೋಟೊದ ಪಕ್ಕಕ್ಕೆ ಹಿಡಿದಳು. ಅದು ಕಪ್ಪಾಗೇ ಇತ್ತು. ಆಮೇಲೆ ಕುಮಾರಸ್ವಾಮಿಯ ತಲೆ ನೋಡಿದಳು. ಅಂಗಡಿಯೊಳಗೆ ಕಪ್ಪಗಿದ್ದ ಕೂದಲು ಇಲ್ಲಿ ಕೆಂಪಗೆ ಹೊಳೆಯುತ್ತಿತ್ತು.

"ನಿನ್ ತಲೆಗೂ ಇದೇ ಮಿಷಿನ್ನೇನಪ್ಪ?"

ಕುಮಾರಸ್ವಾಮಿ ಆ ಫೋಟೊವನ್ನೇ ತಲೆಗೆ ಮುಚ್ಚಿಕೊಂಡು ನೆರಳಿಗೆ ಸರಿದ. "ಸಾರ್, ಒಳಗೆ ಇನ್ನೊಂದು ಪ್ರಿಂಟರ್ ಐತೆ, ಬನ್ನಿ."