ಬಳಸು ದಾರಿ

ಪರದೆಯ ಮೇಲಿನ ಮುದುಕಿಯ ಸುತ್ತ ಕೆಂಪು ಚೌಕ ಬಿತ್ತು. ಕೆಲಸಕ್ಕೆಂದು ಬಂದ ಪರದೇಶದ ಊರು ಕಾಪೆಲ್ಲೆಯ ಆಫೀಸಿನಲ್ಲಿ ಕುಳಿತಿದ್ದ ನೀಲಾಂಬಿಕಾ ಮುಂದಕ್ಕೆ ಬಾಗಿದಳು. ಎರಡು ದೇಶಗಳು ತಮ್ಮದು ತಮ್ಮದೆಂದು ಕಚ್ಚಾಡುವ, ಎಲ್ಲೋ ದೂರದ ಗುಡ್ಡಗಾಡು ಅದು. ಆಕಾಶದ ಕ್ಯಾಮೆರಾ ಅಲ್ಲಿನವರ ಓಡಾಟವನ್ನೆಲ್ಲ ಕಾಯುತ್ತದೆ. ದಾರಿ ಬಿಟ್ಟು ನಡೆದವರಿಗೆ ಚೌಕ ಹಾಕುತ್ತದೆ. ಅಪಾಯ ಹೌದೋ ಅಲ್ಲವೋ ಹೇಳುವುದು ಅವಳ ಕೆಲಸ. ಹೌದೆಂದರೆ ಸೈನಿಕರು ಬಂದು ಮುದುಕಿಯನ್ನು ಎಳೆದೊಯ್ಯುತ್ತಾರೆ.

ಮುದುಕಿ ಆಡುಗಳ ಮುಂದೆ ಓಡಿ, ಕೋಲು ಅಡ್ಡ ಹಿಡಿದು, ಇಡೀ ಹಿಂಡನ್ನು ಒಂದು ಜಾಗ ಬಳಸಿ ತಿರುಗಿಸಿದಳು. ಆಮೇಲೆ ಬಗ್ಗಿ, ಆ ಜಾಗದ ಸುತ್ತಲೂ ಕಲ್ಲು ಜೋಡಿಸಿದಳು.

"ಬಾಂಬ್ ಹೂತಿದಾಳೆ, ಇನ್ನೇನು," ಎಂದ ಹಿಂದೆ ಬಂದು ನಿಂತ ತಂಡದ ಮುಖ್ಯಸ್ಥ ಸುಜಯ್.

"ತಡೀರಿ ಸರ್, ವಿಡಿಯೋ ಸ್ವಲ್ಪ ಮುಂದ ಓಡಿಸ್ತೀನಿ."

ಹಿಂಡು ಮರೆಯಾಯಿತು. ಒಂದು ಚುಕ್ಕೆ ಮೇಲಿನಿಂದ ಇಳಿದು, ಗುಡುಗುಡು ಓಡಿ, ಕಲ್ಲುಗಳ ನಡುವೆ ಕುಳಿತಿತು.

"ಟಿಟ್ಟಿಭ ಸರ್! ಬಯಲಾಗ ತತ್ತಿ ಇಡೂ ಹಕ್ಕಿ. ನಮ್ಮಪ್ಪ ಹೊಲದಾಗ ಕುಂಟಿ ಹೊಡಿಯೂ ಮುಂದ ತತ್ತಿ ಕಂಡ್ರ ಎತ್ತಿಗೆ ಹಿಂಗಽ ಸುತ್ತು ಹಾಕಿಸ್ತಿದ್ದ. ಇಲ್ಲಿ ರೈತರೂ ಹುಲ್ಲು ಕೊಯ್ಯೂ ಮುಂದ ಗೂಡಿನ ಹತ್ರ ಕೋಲು ನೆಡ್ತಾರಲ್ಲ, ಸೈಕಲ್ ಮ್ಯಾಲ ಬರೂವಾಗ ನೋಡಿಲ್ಲೇನ್ರಿ?"

"ಅಲ್ಲಮ್ಮ ತಾಯಿ, ಹಕ್ಕಿ ಅನ್ನೋಕೆ ಇಲ್ಲಿ ಬಟನ್ ಎಲ್ಲಿದೆ? ನಾಳೆ ಏನಾದ್ರೂ ಸಿಡಿದ್ರೆ ನಿನ್ ವರ್ಕ್ ಪರ್ಮಿಟ್ಟೂ ಹೋಗುತ್ತೆ, ನಂದೂ ಹೋಗುತ್ತೆ."

ಅವಳು 'ಅಪಾಯವಿಲ್ಲ' ಎಂದೇ ಒತ್ತಿದಳು. ಸುಜಯ್ ತನ್ನ ಮೇಜಿಗೆ ಹೋಗಿ ಅದನ್ನು 'ಖಚಿತವಿಲ್ಲ' ಎಂದು ತಿದ್ದಿದ. ಹಾಗೆಂದರೂ ಸಾಕು, ಸೈನಿಕರು ಹೋಗಿ ನೋಡುತ್ತಾರೆ.

ಮರುದಿನ ಪರದೆಯ ಮೇಲೆ ಜೀಪು ಬಂತು. ಮುದುಕಿ ಎರಡೂ ಕೈ ಎತ್ತಿ ನಿಂತಳು. ಸೈನಿಕನೊಬ್ಬ ಬಂದೂಕು ಚಾಚಿ ಕಲ್ಲುಗಳತ್ತ ಸರಿದ. ಚುಕ್ಕೆ ಹಾರಿ ಅವನ ತಲೆಯ ಮೇಲೆ ಎರಗಿತು, ಮತ್ತೆ ಎರಗಿತು. ಅವನು ನಿಂತ. ಬಂದೂಕನ್ನು ಬೆನ್ನಿಗೆ ಹಾಕಿ ಮೊಣಕಾಲೂರಿದ. ಬೂಟು ತಾಗಿ ಉರುಳಿದ್ದ ಕಲ್ಲನ್ನು ಇದ್ದಲ್ಲೇ ಇಟ್ಟ. ಕೈ ಇಳಿಸೆಂದು ಮುದುಕಿಗೆ ಸನ್ನೆ ಮಾಡಿದ. ಆಮೇಲೆ ತಾನೇ ಜೀಪಿನ ಮುಂದೆ ನಡೆಯುತ್ತ, ಅದನ್ನು ದಾರಿ ಬಿಡಿಸಿ, ದೂರದಿಂದ ಬಳಸಿ ಕರೆದೊಯ್ದ.

ನೀಲಾಂಬಿಕಾ ಪರದೆಗೆ ಇನ್ನಷ್ಟು ಹತ್ತಿರ ಬಾಗಿದಳು. ಅಷ್ಟೆತ್ತರದಿಂದ ಇರುವೆಯಷ್ಟೇ ಕಾಣುವ ಮನುಷ್ಯ! ಸುಜಯನ ಕೈಯಲ್ಲಿ ಕಾಫಿ ಆರುತ್ತಿತ್ತು. "ಅಬ್ಬಾ," ಎಂದ ಅವನು, ಗರ್ಭಗುಡಿಯ ಮುಂದೆ ನಿಂತವನ ಹಾಗೆ, ಮೆಲ್ಲಗೆ.

ಪರದೆ ಒಮ್ಮೆ ಮಿನುಗಿತು. ಸೈನಿಕನ ಸುತ್ತ ಕೆಂಪು ಚೌಕ ಬಿತ್ತು.